ಸಾರಜನಕರ ಅಸಹಕಾರದ ಬಗ್ಗೆ ಸಹಕಾರನಗರದಿಂದ ಒಂದು ದೂರು

ಗೆ,
ಶ್ರೀಯುತ ಸಾರಜನಕ ಅವರು,
ಗಾಳಿಯಲ್ಲಿ ಎಲ್ಲೆಡೆ, ಹಾಗೂ ನಾಳೆಯಿಂದ ನಮ್ಮ ಅಕ್ಕನ ಮೈಯಲ್ಲಿ.

ವಿಷಯ: ಒಂದೇ ದಿನ ಮೂರು ಸಲ ಕಡಲಾಳಕ್ಕೆ ಇಳಿಯುವ ಯೋಜನೆಗೆ ತಾವು ಸಹಕರಿಸದಿರುವ ಕುರಿತು.

ಮಾನ್ಯರೇ,

ಬಣ್ಣವಿಲ್ಲದ, ವಾಸನೆಯಿಲ್ಲದ, ಯಾರ ತಂಟೆಗೂ ಹೋಗದ ಸಜ್ಜನರೆಂದು ಪಠ್ಯಪುಸ್ತಕಗಳು ಹೊಗಳುವ ತಮ್ಮ ಪಾದಗಳಿಗೆ, ಪಾದಗಳು ಇದ್ದಲ್ಲಿ, ಇಂಜಿನಿಯರಿಂಗ್ ಪ್ರಥಮ ವರ್ಷದ ಬಿಂದುಶ್ರೀಯ ಸಾಷ್ಟಾಂಗ ನಮಸ್ಕಾರಗಳು. ಇಷ್ಟು ವರ್ಷ ತಮ್ಮನ್ನು ನೈಟ್ರೋಜನ್ ಎಂದು ಕರೆದದ್ದಕ್ಕೆ ಕ್ಷಮೆಯಿರಲಿ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನಾನು ಓದುವುದು ಇಂಗ್ಲಿಷಿನಲ್ಲಿ, ಹೆದರುವುದು ಮಾತ್ರ ಕನ್ನಡದಲ್ಲಿ. ತಮ್ಮ ಕನ್ನಡದ ಹೆಸರು ಮೊನ್ನೆ ಮೊನ್ನೆ ಕಿವಿಗೆ ಬಿದ್ದಾಗ ಸಾರಜನಕ ಎಂದರೆ ಸಾರಿನ ಅಪ್ಪ ಇರಬೇಕೆಂದುಕೊಂಡೆ, ನಮ್ಮ ಹಾಸ್ಟೆಲಿನ ಸಾರನ್ನು ನೆನೆದು, ಅಂಥ ಮಗನನ್ನು ಹೆತ್ತವರ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ಅಕ್ಕ ದಾಕ್ಷಾಯಣಿ ಅಂಡಮಾನಿನಲ್ಲಿ ಮುಳುಗಿದ ಹಡಗುಗಳ ಫೋಟೊ ತೆಗೆಯುವವಳು. ಅರವತ್ತು ಮೀಟರ್ ಆಳದಲ್ಲಿ ಬರಿಯ ಗಾಳಿಯನ್ನು ಉಸಿರಾಡಿದರೆ ತಾವು ತಲೆಗೇರಿ, ಎದುರಿಗೆ ಬಂದ ಮೀನಿಗೂ ಊಟ ಆಯ್ತಾ ಎಂದು ಕೇಳುವಷ್ಟು ಅಮಲೇರಿಸುತ್ತೀರಿ ಎಂಬ ಕಾರಣಕ್ಕೆ, ಅಲ್ಲಿಗೆ ಒಯ್ಯುವ ಸಿಲಿಂಡರಿನಲ್ಲಿ ತಮ್ಮ ಪಾಲನ್ನು ಕಡಿಮೆ ಮಾಡಿ ಹೀಲಿಯಂ ಎಂಬ ಹಗುರ ಮನಸ್ಸಿನವರನ್ನು ಬೆರೆಸಿರುತ್ತಾರೆ. ಆದರೂ ತಾವು ಬಿಡದೆ ರಕ್ತದಲ್ಲಿ, ಕೀಲಿನಲ್ಲಿ, ಕೊಬ್ಬಿನಲ್ಲಿ ಕರಗಿ ಕೂತುಬಿಡುತ್ತೀರಿ. ಅವಸರಪಟ್ಟು ಮೇಲೆ ಬಂದವರ ಮೈಯೊಳಗೆ ಗೋಲಿ ಸೋಡಾ ಒಡೆದಂತೆ ಗುಳ್ಳೆಯೆದ್ದು ಕೈಕಾಲು ಬೀಳಿಸುತ್ತೀರಿ, ಮನಸ್ಸಾದರೆ ಜೀವವನ್ನೇ ತೆಗೆಯುತ್ತೀರಿ. ಹಾಗಾಗಿ ಅಲ್ಲಲ್ಲಿ ತಡೆದು, ನಿಂತು, ಮತ್ತೆ ಒಂದಿಷ್ಟು ಏರಬೇಕಂತೆ. ಇದರ ಬಗ್ಗೆ ನನ್ನ ತಕರಾರಿಲ್ಲ. ಸಂಜೆ ಹೆಬ್ಬಾಳದ ಫ್ಲೈಓವರ್ ಹತ್ತುವವರಿಗೆ ಈ ವಿದ್ಯೆಯನ್ನು ಬೇರೆ ಕಲಿಸಬೇಕಾಗಿಲ್ಲ.

ತಕರಾರು ಇರುವುದು ಮೇಲೆ ಬಂದ ನಂತರದ್ದರ ಬಗ್ಗೆ. ಹತ್ತುವಾಗ ಯಶವಂತಪುರದ ರೈಲಿಗೆ ನುಗ್ಗುವ ಜನರಂತೆ ನುಗ್ಗುವ ತಾವು, ಇಳಿಯುವಾಗ ಮದುವೆ ಮುಗಿದರೂ ಮನೆ ಬಿಡದ ದೂರದ ನೆಂಟರಂತೆ ಗಂಟೆಗಟ್ಟಲೆ ಕೂತಿರುತ್ತೀರಿ. ಮೊದಲ ಮುಳುಗಿನಲ್ಲಿ ಬಂದವರು ಹೊರಡುವ ಮೊದಲೇ ಎರಡನೆಯದರವರು ಬರುತ್ತಾರೆ, ಮೂರನೆಯದಕ್ಕೆ ಮೈಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಅಕ್ಕನಿಗೋ ಮೂರೂ ಬೇಕು. ದೋಣಿ ಸಿಗುವುದು ನಾಳೆ ಒಂದೇ ದಿನ, ಆಮೇಲೆ ಕಡಲು ಕೆಡುತ್ತದೆ; ಎರಡು ಸಲ ಇಳಿದರೆ ಹಡಗಿನ ನಡು ಮತ್ತು ಬಾಲ ಸಿಗುತ್ತವೆಯೇ ಹೊರತು ಮೂತಿ ಸಿಗುವುದಿಲ್ಲ.

ಲೆಕ್ಕ ನನ್ನ ಕೈಗೆ ಏಕೆ ಬಂತೆಂದು ತಾವು ಕೇಳಬಹುದು. ಅಕ್ಕನ ಪ್ರತಿಯೊಂದು ಯೋಜನೆಯನ್ನೂ ಲ್ಯಾಪ್‌ಟಾಪಿನ ಮುಳುಗು-ಲೆಕ್ಕದ ಸಾಫ್ಟ್‌ವೇರಿನಲ್ಲಿ ಎರಡನೆಯ ಸಲ ಹಾಕಿ ನೋಡುವವಳು ನಾನು. "ನಾನು ಆಸೆಬುರುಕಿ, ನೀನು ಪುಕ್ಕಲಿ. ಲೆಕ್ಕ ಯಾವಾಗ್ಲೂ ಪುಕ್ಕಲಿ ಕೈಲಿರ್ಬೇಕು ಕಣೇ" ಎಂದು ಅವಳೇ ನೇಮಿಸಿದ ಹುದ್ದೆ ಇದು. ಮೂರನೆಯ ಮುಳುಗನ್ನು ಹಾಕಿದೊಡನೆ ಪರದೆ ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ಫೋನಿನಲ್ಲಿ ಹೇಳಿದರೆ, ನೇಮಿಸಿದವಳೇ "ಏನೋ ಒಂಚೂರು ಅಡ್ಜಸ್ಟ್ ಮಾಡೇ, ಅರ್ಧ ಗಂಟೆ ಆಚೀಚೆ" ಎನ್ನಬೇಕೆ? ರಜೆಗೆ ಮನೆಗೆ ಬಂದಿರುವ ನನ್ನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅಜ್ಜಿ ದೊಡ್ಡಮುನಿಯಮ್ಮನವರು, "ಒಂದಿನಕ್ಕೆ ಮೂರ್ ಸಿಲಿಂಡರಾ? ನಮ್ಗೆ ಒಂದು ಬುಕ್ ಮಾಡಿದ್ರೆ ಅಬ್ಬ ಕಳೆದ ಮೇಲೆ ತತ್ತಾನೆ. ಅವಳ ಏಜೆನ್ಸಿ ನಂಬರ್ ಇಸ್ಕೊಳೇ" ಎಂದು ಸಲಹೆ ಕೊಟ್ಟರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಅಡ್ಜಸ್ಟ್ ಮಾಡುವುದರಲ್ಲಿ ಪ್ರಥಮ ವರ್ಷದವರನ್ನು ಮೀರಿಸಿದವರಿಲ್ಲ. ಲ್ಯಾಬಿನಲ್ಲಿ ಲೋಲಕ ತೂಗಿಸಿದಾಗ ಗುರುತ್ವದ ಬೆಲೆ ಹನ್ನೊಂದೂವರೆ ಬಂದರೆ, ಇಡೀ ಭೂಮಿಯನ್ನೇ ತಿದ್ದಿ ಒಂಬತ್ತು ಪಾಯಿಂಟ್ ಎಂಟಕ್ಕೆ ತಂದು ಸಹಿ ಹಾಕಿಸಿಕೊಳ್ಳುವವರು ನಾವು. ಈ ಸಾಫ್ಟ್‌ವೇರಿನಲ್ಲೂ ಎಷ್ಟು ಜಾಗ್ರತೆ ಬೇಕೆಂದು ಹೇಳುವ ಒಂದು ಗುಂಡಿ ಇದೆ. ಅದನ್ನು ಧೈರ್ಯದ ಕಡೆಗೆ ಇಷ್ಟೇ ಇಷ್ಟು ಸರಿಸಿದೆ. ಕೆಂಪೆಲ್ಲ ಹಸಿರಾಯಿತು! ಎಂಥ ಹಸಿರು ಅಂತೀರಿ, ಲಾಲ್‌ಬಾಗು ನಾಚಬೇಕು. ಕಳಿಸಲು ಬೆರಳು ಎತ್ತಿದವಳಿಗೆ ಆಗ ಹೊಳೆಯಿತು: ಗುಂಡಿ ಸರಿದದ್ದು ಸಹಕಾರನಗರದಲ್ಲಿ, ಅಂಡಮಾನಿನಲ್ಲಿರುವ ತಾವು ಒಂದಿಂಚೂ ಸರಿದಿಲ್ಲ. ಲ್ಯಾಬಿನ ಮೇಷ್ಟ್ರಂತೆ ನೋಡಿಯೂ ನೋಡದ ಹಾಗೆ ಸಹಿ ಹಾಕುವ ದೊಡ್ಡ ಮನಸ್ಸು ತಮಗಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ನಾಳೆ ಒಂದು ದಿನದ ಮಟ್ಟಿಗೆ ದಯವಿಟ್ಟು ರಜೆ ಹಾಕಿ ಎಲ್ಲಾದರೂ ಪ್ರವಾಸ ಹೋಗಿಬನ್ನಿ. ಅದಾಗದಿದ್ದರೆ ಅಕ್ಕನ ಮೈಯಲ್ಲಿ ಬಾಡಿಗೆ ಕರಾರು ಮಾಡಿಕೊಂಡು, ಮಧ್ಯಾಹ್ನದ ಊಟದೊಳಗೆ ಗೋಡೆಗೆ ಬಣ್ಣ ಹೊಡೆಸಿ ಖಾಲಿ ಮಾಡಿ. ಅದೂ ಆಗದಿದ್ದರೆ, ಒಂದು ಹತ್ತು ನಿಮಿಷದ ಮಟ್ಟಿಗಾದರೂ ನಿಜವಾಗಿ ಸಾರಿನ ಅಪ್ಪನಾಗಿ, ತಂದೆಯ ಕರುಳಿನಿಂದ ಯೋಚಿಸಿ ನೋಡಿ.

ತಮ್ಮ ಉತ್ತರ ಏನೆಂದು ಗೊತ್ತಿರುವುದರಿಂದ ಗುಂಡಿಯನ್ನು ಮೊದಲಿದ್ದಲ್ಲಿಗೇ ತಂದು, ಕೆಂಪನ್ನೇ ಅಕ್ಕನಿಗೆ ಕಳಿಸಿದ್ದೇನೆ. ಕೆಳಗೆ ಒಂದೇ ಸಾಲು ಬರೆದಿದ್ದೇನೆ: "ಎರಡೇ ಅಕ್ಕಾ, ನಾನು ಪುಕ್ಕಲಿ."

ತಮ್ಮನ್ನು ಉಸಿರುಸಿರಿಗೂ ಒಳಗೆ ಕರೆದು, ತಪ್ಪದೆ ಹೊರಗೂ ಕಳಿಸುವ
ತಮ್ಮ ವಿಶ್ವಾಸಿ,
ಬಿಂದುಶ್ರೀ

ತಾ.ಕ.: ಅಕ್ಕನ ಉತ್ತರ ಈಗ ಬಂತು. "ಆಯ್ತು ಕಣೇ, ಎರಡೇ. ಮೂತಿ ಇಲ್ದಿರೋ ಹಡಗು ಕಳಿಸಿದ್ರೆ ಎಡಿಟರ್ ನನ್ ಮೂತಿಗೆ ತಿವೀತಾರೆ, ಖುಷಿನಾ?" ತುಂಬಾ ಖುಷಿ. ಮುಳುಗಿ ಎದ್ದಮೇಲೆ ಒಂದಿಡೀ ದಿನ ತಮ್ಮನ್ನು ಇಳಿಸಿಯೇ ಅವಳು ವಿಮಾನ ಹತ್ತುತ್ತಾಳಂತೆ. ದಯವಿಟ್ಟು ಅಲ್ಲೇ ಇಳಿದುಕೊಳ್ಳಿ, ಅವಳ ಜೊತೆ ಇಲ್ಲಿಯವರೆಗೆ ಬರುವ ತೊಂದರೆ ಬೇಡ. ಇಲ್ಲಿನ ಗಾಳಿಯಲ್ಲಿ ಈಗಾಗಲೇ ನೂರಕ್ಕೆ ಎಪ್ಪತ್ತೆಂಟು ಪಾಲು ತಮ್ಮವರೇ ಇದ್ದಾರೆ; ಅಷ್ಟು ಬಹುಮತವಿದ್ದೂ ಒಂದೂ ಕೆಲಸ ಮಾಡದೆ ಸುಮ್ಮನೆ ಕೂರುವವರು ನಮ್ಮ ಊರಿಗೆ ಹೊಸಬರೇನಲ್ಲ.