ಒಂದು ಎಚ್.ಪಿ. ತಾಲೀಮು

ತ್ರ್ಯಂಬಕ ಹತ್ತಿದ ಕೂಡಲೇ ಟ್ರೆಡ್‌ಮಿಲ್ ನಿಂತುಹೋಗುತ್ತಿತ್ತು. ಇಳಿದ ಕೂಡಲೇ ಓಡುತ್ತಿತ್ತು. ಊಟವೆಲ್ಲ ಮುಗಿದ ಮೇಲೆ ಪಂಚೆ ಎತ್ತಿ ಕಟ್ಟಿ "ಬಡಿಸಲಿಕ್ಕೆ ನಾನೂ ಬರಬೇಕಿತ್ತಾ?" ಎಂದು ಕೇಳುವ ನೆಂಟನ ಹಾಗೆ, ಕೆಲಸ ಇಲ್ಲದಾಗ ಮಾತ್ರ ಅದಕ್ಕೆ ಹುರುಪು.

ಬೇರೆ ದಿನವಾಗಿದ್ದರೆ ತ್ರ್ಯಂಬಕ ಅದನ್ನು ಅದರ ಪಾಡಿಗೆ ಬಿಡುತ್ತಿದ್ದ. ಆದರೆ ಆ ಶನಿವಾರ ಸಂಜೆ ನಾಲ್ಕಕ್ಕೆ ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಹೊಸ ಕ್ಲಿನಿಕ್ಕಿನಲ್ಲಿ ಅವನಿಗೆ ಹೃದಯದ ಟೆಸ್ಟ್ ಇತ್ತು. ಎದೆಗೆ ವೈರು ಅಂಟಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಹೃದಯ ಎಷ್ಟು ತಡೆಯುತ್ತದೆ ಎಂದು ನೋಡುವ ಟೆಸ್ಟ್. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ ಎಂದದ್ದಕ್ಕೆ ಡಾಕ್ಟರ್ ಈಶಾನ, "ಒಂದು ಸಲ ಓಡಿಸಿ ನೋಡುವ" ಎಂದಿದ್ದರು. ಅಪ್ಪ ಐವತ್ತಮೂರರಲ್ಲಿ ಹೋಗಿದ್ದರು. ಅಣ್ಣನೂ ಐವತ್ತಮೂರರಲ್ಲೇ. ಬರುವ ತಿಂಗಳು ತ್ರ್ಯಂಬಕನಿಗೆ ಐವತ್ತಮೂರು. ಈ ಲೆಕ್ಕವನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೀದಿಗೆಲ್ಲ ಗೊತ್ತಿತ್ತು.

ಅವನು ಅಡಿಕೆ ಮಂಡಿಯಲ್ಲಿ ಗುಮಾಸ್ತ. ಹರೆಯದಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ ಹಗಲೆಲ್ಲ ದುಡಿದು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಬಿ.ಕಾಂ. ಪಾಸು ಮಾಡಿದವನು. ಹಳೇ ಪ್ರಶ್ನೆಪತ್ರಿಕೆ ಬಿಡಿಸದೆ ಯಾವ ಪರೀಕ್ಷೆಗೂ ಕೂತವನಲ್ಲ. ಟೆಸ್ಟ್ ಎಂದ ಮೇಲೆ ತಾಲೀಮು ಬೇಡವೇ? ನಡೆಯುವಾಗ ಹೃದಯ ನಿಲ್ಲುವುದಾದರೆ ಮನೆಯಲ್ಲೇ ಗೊತ್ತಾಗಲಿ, ಪರರ ಎದುರು ಬೇಡ ಎನ್ನುವುದು ಅವನ ಅಭಿಪ್ರಾಯ.

ರಸ್ತೆಯಲ್ಲಿ ನಡೆಯಬಹುದಿತ್ತಲ್ಲ ಎನ್ನಬಹುದು. ನಡೆದು ನೋಡಿದ್ದ. ಗುರುತಿನ ಮನುಷ್ಯ ರಸ್ತೆಯಲ್ಲಿ ನಡೆಯುವುದನ್ನು ಆ ಊರಿನ ಯಾವ ಗಾಡಿಯೂ ಸಹಿಸುವುದಿಲ್ಲ.

"ಹತ್ತಿ ಮಾರಾಯ್ರೆ."

"ಇಲ್ಲ, ನಾನು ಸುಮ್ನೆ ನಡೀತಾ ಇದ್ದೆ."

"ಸುಮ್ನೆ ಯಾಕೆ ನಡೀತೀರಿ? ನಾವೆಲ್ಲ ಸತ್ತು ಹೋಗಿದ್ದೀವಾ?"

ಅಷ್ಟು ಹೇಳಿದ ಮೇಲೆ ಬೇಡ ಎಂದರೆ ಮನಸ್ತಾಪ. ಬೇಡ ಎನ್ನುವ ಮಾತು ತ್ರ್ಯಂಬಕನ ಗಂಟಲಲ್ಲಿ ಹುಟ್ಟಿದಾಗಿನಿಂದ ಸಿಕ್ಕಿಕೊಂಡಿತ್ತು. ಒಂದು ಬೆಳಿಗ್ಗೆ ವಾಕಿಂಗ್ ಹೊರಟವನು ಯಾರದೋ ಜೀಪಿನಲ್ಲಿ ಶೃಂಗೇರಿ ಸೇರಿ ಸಂಜೆ ಬಸ್ಸಿಗೆ ವಾಪಸ್ಸು ಬಂದಿದ್ದ. ಇನ್ನೊಂದು ಬೆಳಿಗ್ಗೆ ಚಡ್ಡಿಯಲ್ಲೇ ನೆಮ್ಮಾರಿನ ಒಂದು ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತಿದ್ದ. ಕಡೆಗೆ ನರಸಿಂಹರಾಜಪುರದಲ್ಲಿದ್ದ ಭಾವಮೈದುನ ಶಶಾಂಕ ತನ್ನ ಮನೆಯಲ್ಲಿ ನಾಲ್ಕು ವರ್ಷ ಟವೆಲ್ ಒಣಗಿಸಿದ ಟ್ರೆಡ್‌ಮಿಲ್ಲನ್ನು ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದ.

"ಅದನ್ನ ಬಿಡಿ, ಒಂದು ಕಡೆ ಕೂತ್ಕೊಳ್ಳಿ," ಎಂದಳು ಹೆಂಡತಿ ವನಮಾಲಾ. "ಟೆಸ್ಟಿಗೆ ಯಾರಾದ್ರೂ ಓದ್ಕೊಂಡು ಹೋಗ್ತಾರಾ?"

"ಓದದೆ ಹೋದವರೇ ಫೇಲಾಗೋದು," ಎಂದ ತ್ರ್ಯಂಬಕ ಮತ್ತೆ ಹತ್ತಿದ. ಟ್ರೆಡ್‌ಮಿಲ್ ಒಂದು ಸಲ ನರಳಿ ನಿಂತಿತು.

ಈ ನರಳಾಟ ಪಕ್ಕದ ಮನೆಯ ಭೈರಪ್ಪನಿಗೆ ಕೇಳಿಸಿತು. ಭೈರಪ್ಪ ರಿಟೈರಾದ ಬಸ್ ಕಂಡಕ್ಟರ್. ಮೂವತ್ತು ವರ್ಷ ಕಾಲ, ತುಂಬಿದ ಬಸ್ಸಿಗೆ ಇನ್ನೂ ಹತ್ತು ಜನರನ್ನು ಹತ್ತಿಸಿದ ಅನುಭವದಿಂದ, ಲೋಡ್ ವಿಷಯದಲ್ಲಿ ಅವನ ಮಾತೇ ಕೊನೆ. ಒಳಗೆ ಬಂದು ಯಂತ್ರವನ್ನು ನೋಡಿದ, ತ್ರ್ಯಂಬಕನ ಹೊಟ್ಟೆಯನ್ನು ನೋಡಿದ.

"ಇಂಜಿನ್ ಸಣ್ಣದಾಯ್ತು ಮಾರಾಯ. ಮೋಟರ್ ಬದಲಾಯಿಸ್ಬೇಕು. ಸುಂದರೇಶನಿಗೆ ಫೋನ್ ಹಾಕಿದೆ, ಬರ್ತಾ ಇದ್ದಾನೆ."

"ಯಾವಾಗ ಹಾಕಿದ್ರಿ?"

"ಬರ್ತಾ ಗೇಟ್ ಹತ್ರ ಹಾಕಿದೆ. ಶಬ್ದದಲ್ಲೇ ಗೊತ್ತಾಯ್ತಲ್ಲ."

ತ್ರ್ಯಂಬಕನಿಗೆ ಎದೆ ಹಿಡಿದ ಹಾಗಾಯಿತು. ಸುಂದರೇಶ ಅಡಿಕೆ ಸುಲಿಯುವ ಮಿಷನ್ ರಿಪೇರಿಯವನು. ಕೆಟ್ಟ ಯಾವ ಯಂತ್ರಕ್ಕೂ ಅವನಲ್ಲಿ ಇದ್ದ ಮದ್ದು ಒಂದೇ: ಅಡಿಕೆ ಸುಲಿಯುವ ಮಿಷನ್ನಿನ ಮೋಟರ್. ಭೈರಪ್ಪನ ವಾಷಿಂಗ್ ಮಿಷನ್ನಿಗೂ ಅದನ್ನೇ ಹಾಕಿದ್ದ. ಅಂದಿನಿಂದ ಭೈರಪ್ಪನ ಯಾವ ಅಂಗಿಗೂ ಗುಂಡಿ ಇರಲಿಲ್ಲ.

ಸುಂದರೇಶ ಪಿಕಪ್ ಗಾಡಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಮೋಟರನ್ನು ಎತ್ತಿಕೊಂಡು ಬಂದ. ಅವನ ಹಿಂದೆ ಎದುರು ಮನೆಯ ಸುಲೋಚನಮ್ಮನೂ ಬಂದರು. ಯಾರ ಮನೆಯಲ್ಲಿ ಏನು ಬಿಚ್ಚಿದರೂ ಅವರಿಗೆ ನೋಡಬೇಕು.

"ಒಂದು ಎಚ್.ಪಿ. ತ್ರ್ಯಂಬಕಣ್ಣ," ಎಂದ ಸುಂದರೇಶ. "ಹಸಿ ಅಡಿಕೆ ಹಾಕಿದ್ರೂ ಉಸಿರು ಬಿಡಲ್ಲ. ನಿಮ್ಮ ತೂಕ ಇದಕ್ಕೆ ಯಾವ ಲೆಕ್ಕ!"

"ಸುಂದರೇಶ, ಅದರಲ್ಲಿ ಸ್ಪೀಡು ಕಮ್ಮಿ ಜಾಸ್ತಿ ಮಾಡ್ಲಿಕ್ಕೆ ಆಗ್ತದಾ?"

"ಆ ಬೋರ್ಡೆಲ್ಲ ಶೋಕಿಗೆ. ಅದನ್ನ ಕಿತ್ತು ಹಾಕ್ತೇನೆ. ಡೈರೆಕ್ಟ್ ಕನೆಕ್ಷನ್, ಆನ್ ಮತ್ತು ಆಫ್. ಮನುಷ್ಯನಿಗೆ ಇನ್ನೆಂತ ಬೇಕು?"

ಬೇಡ ಎನ್ನಲು ತ್ರ್ಯಂಬಕ ಬಾಯಿ ತೆರೆದ. ಆ ಹೊತ್ತಿಗೆ ಸುಂದರೇಶನಿಗೆ ಫೋನ್ ಬಂತು. "ಬರ್ತೇನೆ, ಬರ್ತೇನೆ. ಇಲ್ಲೊಂದು ಕಡೆ ಪ್ರಯೋಗ ಮಾಡ್ತಾ ಇದ್ದೇನೆ. ಇಲ್ಲಿ ಸರಿಯಾದ್ರೆ ಅಲ್ಲಿಗೂ ಅದೇ," ಎಂದು ಹೇಳಿ ಸುಂದರೇಶ ಸ್ಕ್ರೂ ಬಿಚ್ಚತೊಡಗಿದ. ತ್ರ್ಯಂಬಕ ಬಾಯಿ ಮುಚ್ಚಿದ.

"ನಿನ್ನ ಅಪ್ಪನಿಗೂ ಹೀಗೇ ಸುಸ್ತಾಗ್ತಿತ್ತು," ಎಂದರು ಸುಲೋಚನಮ್ಮ, ಅವನ ಮುಖ ನೋಡುತ್ತ. "ಎಷ್ಟು ಒಳ್ಳೆ ಮನುಷ್ಯ. ತಿಂಡಿ ತಿಂದು ಕೈ ತೊಳೆದದ್ದಷ್ಟೆ. ಆಮೇಲೆ ನಿನ್ನ ಅಣ್ಣ. ಅವನು ಕೈಯನ್ನೂ ತೊಳೆದಿರ್ಲಿಲ್ಲ."

"ಸುಲೋಚನಕ್ಕ, ಒಳಗೆ ಬನ್ನಿ, ಚಟ್ನಿಗೆ ಕಾಯಿ ತುರಿದು ಕೊಡಿ," ಎಂದು ವನಮಾಲಾ ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ದೊಡ್ಡ ಪ್ಲಗ್ ಇದ್ದದ್ದು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕ. ಸುಂದರೇಶ ಅಲ್ಲಿಂದ ಬಾಗಿಲ ಸಂದಿಯಲ್ಲಿ ವೈರ್ ಎಳೆದ. ಸ್ವಿಚ್ ಹಾಕಿದ. ಬೆಲ್ಟು ಹಿಂದಕ್ಕೆ ಓಡುವ ಬದಲು ಮುಂದಕ್ಕೆ ಓಡಿತು. ಭೈರಪ್ಪನಿಗೆ ಅದೊಂದು ತೊಂದರೆ ಎಂದೇ ಅನಿಸಲಿಲ್ಲ.

"ರಿವರ್ಸ್ ಬಿದ್ದಿದೆ. ನೀನು ಆಚೆ ಮುಖ ಮಾಡಿ ನಿಂತ್ರೆ ಸರಿಯಾಗ್ತದೆ ಬಿಡು."

ಸುಂದರೇಶ ಹಾಗೆ ಬಿಡುವವನಲ್ಲ. ವೈರು ಅದಲು ಬದಲು ಮಾಡಿದ. ಈಗ ಲೋಡ್ ಟೆಸ್ಟ್ ಎಂದು ಮೂಲೆಯಲ್ಲಿದ್ದ ಅಕ್ಕಿ ಚೀಲವನ್ನು ಎತ್ತಿ ಬೆಲ್ಟಿನ ಮೇಲಿಟ್ಟು ಸ್ವಿಚ್ ಹಾಕಿಸಿದ. ಚೀಲ ಒಂದು ಕ್ಷಣ ಅಲ್ಲಿತ್ತು. ಮರುಕ್ಷಣ ಜಗುಲಿಯಲ್ಲಿತ್ತು. ಅಲ್ಲಿಂದ ಅಂಗಳಕ್ಕೆ ಹೋಗಿ, ಗೇಟಿಗೆ ಬಡಿದು, ಬಾಯಿ ಬಿಟ್ಟುಕೊಂಡು ಮಲಗಿತು.

"ನೋಡಿದ್ರಾ!" ಎಂದ ಸುಂದರೇಶ. "ಮೋಟರಿಗೆ ಗೊತ್ತೇ ಆಗ್ಲಿಲ್ಲ."

ವನಮಾಲಾ ಹಣೆ ಚಚ್ಚಿಕೊಂಡು ಮೊರ ಹಿಡಿದು ಅಕ್ಕಿ ಬಳಿಯಲು ಅಂಗಳಕ್ಕಿಳಿದಳು. ತ್ರ್ಯಂಬಕ ಗೇಟಿನ ಬುಡದಲ್ಲಿದ್ದ ಚೀಲವನ್ನು ನೋಡಿದ. ಅದು ತನಗಿಂತ ಬಹಳ ಹಗುರ, ಅದಕ್ಕೆ ಹೃದಯವೂ ಇರಲಿಲ್ಲ.

"ಹತ್ತಿ ಮಾರಾಯ್ರೆ," ಎಂದ ಸುಂದರೇಶ.

"ನಾಳೆ ನೋಡುವ..."

"ಬೆಳಿಗ್ಗೆಯಿಂದ ಕೂತು ಮಾಡಿದ್ದೇನೆ. ನಂಬಿಕೆ ಇಲ್ವಾ?"

ತ್ರ್ಯಂಬಕ ಹತ್ತಿದ. ಬಟ್ಟೆಗೆ ಸಿಕ್ಕಿಸುವ ಕೆಂಪು ದಾರವೊಂದಿತ್ತು. ಅಪಾಯವಾದರೆ ಅದನ್ನು ಎಳೆದರೆ ಸಾಕು, ಯಂತ್ರ ನಿಲ್ಲುತ್ತದೆ ಎಂದು ಶಶಾಂಕ ಹೇಳಿದ್ದ. ತ್ರ್ಯಂಬಕ ಅದನ್ನು ಬನಿಯನ್ನಿಗೆ ಭದ್ರವಾಗಿ ಸಿಕ್ಕಿಸಿ, ಹಿಡಿಕೆ ಹಿಡಿದು, ಮನೆದೇವರನ್ನು ನೆನೆದ.

"ರೈಟ್!" ಎಂದ ಭೈರಪ್ಪ. ಒಳಗೆ ಸುಲೋಚನಮ್ಮ ಸ್ವಿಚ್ ಹಾಕಿದರು.

ಮೊದಲ ಹೆಜ್ಜೆಯನ್ನು ತ್ರ್ಯಂಬಕನೇ ಇಟ್ಟ. ಉಳಿದದ್ದನ್ನೆಲ್ಲ ಮೋಟರ್ ಇಡಿಸಿತು. ಕಾಲುಗಳು ಅವನವು ಎನ್ನುವುದು ಬಿಟ್ಟರೆ ಅವುಗಳ ಮೇಲೆ ಅವನಿಗೆ ಯಾವ ಅಧಿಕಾರವೂ ಉಳಿಯಲಿಲ್ಲ. ಒಂದು ಚಪ್ಪಲಿ ಅಕ್ಕಿ ಚೀಲದ ದಾರಿ ಹಿಡಿಯಿತು. ಕೆಂಪು ದಾರ ನೆನಪಾಗಿ ಎಳೆದ. ದಾರ ಕೈಗೆ ಬಂತು. ಅದರ ಇನ್ನೊಂದು ತುದಿ ಸುಂದರೇಶ ಕಿತ್ತುಹಾಕಿದ ಬೋರ್ಡಿಗೆ ಸೇರಿದ್ದು.

"ಆಫ್! ಆಫ್ ಮಾಡಿ!"

"ಎಂತ?" ಎಂದರು ಸುಲೋಚನಮ್ಮ ಒಳಗಿನಿಂದ, ಮಿಕ್ಸಿ ತಿರುಗಿಸುತ್ತ. ಅವರಿಗೆ ಚಟ್ನಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

"ಹೋಲ್ಡಾನ್! ಹೋಲ್ಡಾನ್!" ಎಂದು ಭೈರಪ್ಪ ಅಭ್ಯಾಸಬಲದಿಂದ ಗೋಡೆ ಬಡಿದ. ಗೋಡೆ ಬಡಿದರೆ ಬಸ್ಸು ನಿಲ್ಲಬಹುದು, ಮೋಟರ್ ನಿಲ್ಲುವುದಿಲ್ಲ. "ಇಳೀಬೇಡ ಮಾರಾಯ! ಚಲಿಸೋ ಗಾಡಿಯಿಂದ ಇಳೀಬೇಡ!"

ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಈಗಲಾದರೂ ಹೋಗಲಿ ಎಂದು ತ್ರ್ಯಂಬಕ ಬೇಡಿದ. ಅವತ್ತು ಅದು ಕಣ್ಣು ಸಹ ಮಿಟುಕಿಸಲಿಲ್ಲ.

ಸುಂದರೇಶ ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕಿದ ಪ್ಲಗ್ ಕಿತ್ತ. ಮಿಕ್ಸಿ ನಿಂತಿತು.

"ಅದ್ಯಾಕೋ ತೆಗ್ದೆ?" ಎಂದರು ಸುಲೋಚನಮ್ಮ, ಅವನಿಗೆ ಅಡ್ಡ ನಿಂತು. "ಚಟ್ನಿ ಇನ್ನೂ ನುಣ್ಣಗಾಗ್ಲಿಲ್ಲ."

"ಆಚೆ ತ್ರ್ಯಂಬಕಣ್ಣ ನುಣ್ಣಗಾಗ್ತಾ ಇದ್ದಾರೆ, ದಾರಿ ಬಿಡಿ!" ಎಂದು ಅವನು ಇನ್ನೊಂದು ಪ್ಲಗ್ ಕಿತ್ತ.

ಬೆಲ್ಟು ನಿಂತಿತು. ತ್ರ್ಯಂಬಕ ನಿಲ್ಲಲಿಲ್ಲ. ಬಂದ ವೇಗದಲ್ಲೇ ಮುಂದಕ್ಕೆ ಹೋಗಿ, ನಾಲ್ಕು ವರ್ಷ ಟವೆಲ್ ಒಣಗಿದ ಆ ಹಿಡಿಕೆಯ ಮೇಲೆ ಟವೆಲ್ಲಿನ ಹಾಗೇ ನೇತುಬಿದ್ದ.

ಚಾಪೆಯ ಮೇಲೆ ಮಲಗಿಸಿದರು. ವನಮಾಲಾ ಮೊರವನ್ನೇ ಬೀಸಣಿಗೆ ಮಾಡಿ ಗಾಳಿ ಹಾಕಿದಳು. ತ್ರ್ಯಂಬಕ ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ. ಒಳಗೆ ಬಡಿಯುತ್ತಿತ್ತು. ಯಾರೋ ಬಾಗಿಲು ತೆಗೆಯಿರಿ ಎನ್ನುವ ಹಾಗೆ ಬಡಿಯುತ್ತಿತ್ತು. ಅಣ್ಣನಿಗೂ ಕೊನೆಗೆ ಹೀಗೇ ಕೇಳಿಸಿರಬಹುದೇ ಎಂದು ಯೋಚಿಸಿದ. ಕೇಳಲು ಅಣ್ಣ ಇರಲಿಲ್ಲ. ಬಡಿತ ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

"ಇಷ್ಟು ಓಡಿದ್ರಿ, ಎಂತ ಆಗ್ಲಿಲ್ಲ ಅಲ್ವಾ?" ಎಂದಳು ವನಮಾಲಾ. "ಇದೇ ಟೆಸ್ಟು. ಪಾಸಾದ್ರಿ ಬಿಡಿ."

"ವೈರು ಹಚ್ಚದೆ ಓಡಿದ್ದು ಲೆಕ್ಕಕ್ಕಿಲ್ಲ ಮಾರಾಯ್ತಿ," ಎಂದ ತ್ರ್ಯಂಬಕ.

"ಸ್ಪೀಡು ಒಂಚೂರು ಜಾಸ್ತಿಯಾಯ್ತು," ಎಂದ ಸುಂದರೇಶ ತಲೆ ಕೆರೆಯುತ್ತ. "ಅಭ್ಯಾಸ ಆದ್ರೆ ಸರಿಹೋಗ್ತದೆ. ಇನ್ನೊಂದು ಸಲ..."

ಆಗ ತ್ರ್ಯಂಬಕನ ಗಂಟಲಲ್ಲಿ ಐವತ್ತೆರಡು ವರ್ಷದಿಂದ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂತು.

"ಬೇಡ."

ತ್ರ್ಯಂಬಕ ಎದ್ದು ಕೂತ.

"ಇದು ಬೇಡ. ಬಿಚ್ಚಿ ತಗೊಂಡು ಹೋಗು. ಎಲ್ಲಿಗಾದ್ರೂ ತಗೊಂಡು ಹೋಗು, ನನ್ನ ಕಣ್ಣಿಗೆ ಕಾಣಬಾರ್ದು."

ಸುಂದರೇಶನಿಗೆ ಬೇಸರವಾದರೂ ಮೋಟರ್ ಬಿಚ್ಚಿ ಪಿಕಪ್ಪಿಗೆ ಹಾಕಿಕೊಂಡ. ಅದು ತಿರುವಿನಲ್ಲಿ ಮರೆಯಾಗುವವರೆಗೂ ತ್ರ್ಯಂಬಕ ಕಿಟಕಿಯಿಂದ ನೋಡಿದ.

ಬೇಡ ಎಂದವನಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ಸಾಕ್ಷಿಯ ಹಾಗೆ, ಊಟಕ್ಕೆ ಕೂತಾಗ ಕ್ಲಿನಿಕ್ಕಿನ ನರ್ಸ್ ಸೌಜನ್ಯ ಫೋನ್ ಮಾಡಿದಳು. "ಸರ್, ನಮ್ಮ ಟ್ರೆಡ್‌ಮಿಲ್ ಬೆಳಿಗ್ಗೆಯಿಂದ ಕೆಟ್ಟಿದೆ. ನಿಮ್ಮ ಟೆಸ್ಟು ಇವತ್ತು ಆಗಲ್ಲ. ಯಾವಾಗ ಅಂತ ಹೇಳ್ತೇವೆ."

ತ್ರ್ಯಂಬಕ ಎರಡನೇ ಸಲ ಅನ್ನ ಹಾಕಿಸಿಕೊಂಡ. ನುಣ್ಣಗಾಗದ ಚಟ್ನಿಯನ್ನು ಹೊಗಳಿದ. ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು, ಎಷ್ಟೋ ವಾರಗಳ ನಂತರ ನಿದ್ದೆಯಂಥ ನಿದ್ದೆ ಮಾಡಿದ.

ಮೂರೂವರೆಗೆ ಮತ್ತೆ ಫೋನ್. "ಸರ್, ರಿಪೇರಿ ಆಯ್ತು. ನಾಲ್ಕಕ್ಕೇ ಬನ್ನಿ. ಡಾಕ್ಟ್ರು ನಿಮ್ಮನ್ನೇ ಮೊದಲು ಕರೀಬೇಕು ಅಂತಿದ್ದಾರೆ."

ವನಮಾಲಾ ಸೀರೆ ಬದಲಾಯಿಸಲು ಒಳಗೆ ಹೋದಳು. ತ್ರ್ಯಂಬಕ ಕುಂಟುತ್ತ ಗೇಟಿನ ಹೊರಗೆ ಬಂದು ನಿಂತ. ಆಗಲಿ, ಕ್ಲಿನಿಕ್ಕಿನ ಯಂತ್ರ ಸಾವಕಾಶವಾಗಿ ನಡೆಸುತ್ತದೆ, ಪಕ್ಕದಲ್ಲಿ ಡಾಕ್ಟರೂ ಇರುತ್ತಾರೆ ಎಂದು ತನಗೇ ಧೈರ್ಯ ಹೇಳಿಕೊಂಡ. ಅಷ್ಟರಲ್ಲಿ ತಿರುವಿನಲ್ಲಿ ಸುಂದರೇಶನ ಪಿಕಪ್ ಕಾಣಿಸಿತು. ಎದುರಿಗೇ ಬಂದು ನಿಂತಿತು. ಹಿಂದಿನ ತೊಟ್ಟಿ ಖಾಲಿ ಇತ್ತು.

"ಹತ್ತಿ ಮಾರಾಯ್ರೆ. ನಿಮ್ಮನ್ನ ಕರ್ಕೊಂಡು ಹೋಗ್ಲಿಕ್ಕೇ ಬಂದೆ."

"ಎಲ್ಲಿಗೆ?"

"ಕ್ಲಿನಿಕ್ಕಿಗೆ. ಡಾಕ್ಟ್ರು ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದ್ರು. ಅವರ ಮಿಷನ್ನಿನ ಮೋಟರ್ ಸುಟ್ಟು ಹೋಗಿತ್ತು. ಬೆಂಗಳೂರಿಂದ ತರಿಸಿದ್ರೆ ಹದಿನೈದು ದಿನ ಅಂತೆ. ನನ್ನ ಹತ್ರ ಒಂದು ಮೋಟರ್ ಇದೆ ಅಂದೆ. ಇದು ಎಲ್ಲಾದ್ರೂ ನಡೆದಿದ್ಯಾ ಅಂತ ಕೇಳಿದ್ರು. ನಿಮ್ಮ ಹೆಸರು ಹೇಳಿದೆ. ತ್ರ್ಯಂಬಕಣ್ಣ ಇದರ ಮೇಲೆ ಓಡಿಯೂ ಬದುಕಿದ್ದಾರೆ ಅಂದೆ. ಹಾಗಾದ್ರೆ ಮೊದಲು ಅವರನ್ನೇ ಓಡಿಸುವ ಅಂದ್ರು."

ತ್ರ್ಯಂಬಕನಿಗೆ ಕೇಳಲು ಇಷ್ಟವಿರಲಿಲ್ಲ. ಆದರೂ ಕೇಳಿದ. "ಯಾವ ಮೋಟರ್ ಹಾಕಿದ್ದೀಯ?"

"ನಿಮ್ಮದೇ. ನೀವೇ ಹೇಳಿದ್ರಲ್ಲ, ಎಲ್ಲಿಗಾದ್ರೂ ತಗೊಂಡು ಹೋಗು ಅಂತ. ಒಳ್ಳೆದೇ ಆಯ್ತು, ಅದಕ್ಕೆ ನಿಮ್ಮ ತೂಕದ ಪರಿಚಯ ಇದೆ."

"ಪ್ಲಗ್... ಪ್ಲಗ್ ಎಲ್ಲಿದೆ?"

"ಪಕ್ಕದ ರೂಮಲ್ಲಿ. ಹೆದರ್ಬೇಡಿ, ಸ್ವಿಚ್ ಹತ್ರ ನಮ್ಮವರೇ ಇದ್ದಾರೆ. ಸುಲೋಚನಮ್ಮ ಬಿಪಿ ತೋರಿಸ್ಲಿಕ್ಕೆ ಬಂದಿದ್ರು, ಅಲ್ಲೇ ಕೂರಿಸಿ ಬಂದೆ."

ತ್ರ್ಯಂಬಕ ಬಾಯಿ ತೆರೆದ. ಬೆಳಿಗ್ಗೆ ಅಷ್ಟು ಸಲೀಸಾಗಿ ಹೊರಬಿದ್ದ ಮಾತನ್ನು ಹುಡುಕಿದ. ಅದು ಒಂದೇ ಇತ್ತು, ಖರ್ಚಾಗಿಹೋಗಿತ್ತು.

"ನಡ್ಕೊಂಡೇ ಬರ್ತೇನೆ ಸುಂದರೇಶ..."

"ಈ ಕಾಲಲ್ಲಾ? ನಾವೆಲ್ಲ ಸತ್ತು ಹೋಗಿದ್ದೀವಾ?"

ತ್ರ್ಯಂಬಕ ಹತ್ತಿದ. ಅವನು ಹತ್ತಿದ ಕೂಡಲೇ ನಿಂತುಹೋಗಲು ಆ ಗಾಡಿ ಟ್ರೆಡ್‌ಮಿಲ್ ಆಗಿರಲಿಲ್ಲ.