ಬ್ಯಾಡಗಿಯಲ್ಲಿ ಐದು ಹೆಜ್ಜೆ

ಬೆಂಕಿ ಆರಿಸುವವನು ಧೈರ್ಯವಂತನೆಂದು ಜನ ತಿಳಿದಿದ್ದಾರೆ. ಅದನ್ನು ತಿದ್ದಲು ನಾನಾಗಿ ಎಂದೂ ಹೋಗಿಲ್ಲ. ಆದರೆ ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಧೈರ್ಯಕ್ಕಿಂತ ಸೊಂಟ ಮುಖ್ಯ. ರಾಣೆಬೆನ್ನೂರಿನ ಅಗ್ನಿಶಾಮಕ ಠಾಣೆಯಲ್ಲಿ ಕಳೆದ ವರ್ಷಗಳನ್ನು ನೆನೆಸಿಕೊಂಡರೆ ನಾನು ಬೆಂಕಿಗೆ ನೀರು ಹೊಡೆದದ್ದು ಕಡಿಮೆ. ಎತ್ತಿದ್ದು, ಎಳೆದದ್ದು, ಹೊತ್ತದ್ದು ಹೆಚ್ಚು. ನೀರು ತುಂಬಿದ ಪೈಪು ಹೆಬ್ಬಾವಿನಷ್ಟು ಭಾರ, ಅದಕ್ಕಿಂತ ಹಟಮಾರಿ. ಗಾಡಿಯ ನೆತ್ತಿಯ ಮೇಲಿನ ಏಣಿ ಇಳಿಸಲು ನಾಲ್ವರು ಬೇಕು. ನಾಲ್ವರೂ ಒಂದೇ ಎತ್ತರದವರು ಸಿಕ್ಕಿದ್ದು ನನಗೆ ನೆನಪಿಲ್ಲ. ಕದರಮಂಡಲಗಿ ದಾರಿಯ ಬಾವಿಯೊಂದರಲ್ಲಿ ಬಿದ್ದಿದ್ದ ಎತ್ತನ್ನು ಮೂರು ತಾಸು ಹೆಣಗಾಡಿ ಮೇಲೆ ತಂದಾಗ ಅದು ಮೊದಲು ಮಾಡಿದ ಕೆಲಸವೆಂದರೆ ನನ್ನ ಎಡಗಾಲನ್ನು ತುಳಿದದ್ದು.

ಪ್ರಥಮ ಚಿಕಿತ್ಸೆಯೂ ನಮ್ಮದೇ ಪಾಲು. ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಸುಟ್ಟ ಗಾಯಕ್ಕೆ ಯಾರೋ ಬಳಿದ ಮಸಿಯನ್ನು ತೊಳೆಯುವುದು, ನೀರು ಕುಡಿದವನ ಬಾಯಿಗೆ ಬಾಯಿಟ್ಟು ಉಸಿರು ಊದುವುದು, ಎಲ್ಲವನ್ನೂ ತರಬೇತಿಯಲ್ಲಿ ಕಲಿಸಿದ್ದರು. ಊದಿಸಿಕೊಂಡವನು ಎದ್ದು ಏನೆನ್ನುತ್ತಾನೆ ಎಂಬುದನ್ನು ಮಾತ್ರ ಕಲಿಸಿರಲಿಲ್ಲ. ಗಳಗನಾಥದಲ್ಲಿ ಮದುವೆಯ ದಿಬ್ಬಣದವನೊಬ್ಬ ಹೊಳೆಯಲ್ಲಿ ಮುಳುಗಿದ್ದ. ದಂಡೆಯ ಮೇಲೆ ಮಲಗಿಸಿ, ನನ್ನ ಎದೆ ಬತ್ತುವ ತನಕ ಊದಿದೆ. ಕೊನೆಗೆ ಅವನು ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟ. ಅವನ ಹೆಂಡತಿ ನನ್ನ ಕಾಲಿಗೆ ಬಿದ್ದಳು. ಅವನು ನನ್ನನ್ನೇ ದಿಟ್ಟಿಸಿ, "ನೀವು ಬೀಡಿ ಸೇದತೀರೇನ್ರಿ?" ಎಂದ. ಅಂದಿನಿಂದ ಬೀಡಿ ಬಿಟ್ಟೆ. ಹಾಗಾಗಿ ಅಂದು ಯಾರು ಯಾರ ಜೀವ ಉಳಿಸಿದರು ಎಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ.

ಇಷ್ಟೆಲ್ಲ ಇದ್ದರೂ ನನಗೆ ಈ ಕೆಲಸ ಇಷ್ಟ. ಗಾಡಿಯಲ್ಲಿ ಗಂಟೆಯ ಪಕ್ಕದ ಜಾಗ ನನ್ನದಾಗಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಗಂಟೆ ಬಾರಿಸುತ್ತ ಹೋಗುವಾಗ ಆಟೋದವರು, ಎತ್ತಿನ ಗಾಡಿಯವರು, ಬೀಜದ ಕಂಪನಿಗಳ ಲಾರಿಯವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮನೆಯಲ್ಲಿ ನನಗೆ ಯಾರೂ ಹಾಗೆ ದಾರಿ ಬಿಟ್ಟವರಲ್ಲ. ಅಂಥ ಜಾಗಕ್ಕೆ ಕುತ್ತು ಬಂತು. ನಲವತ್ತು ದಾಟಿದವರ ದೇಹಶಕ್ತಿ ಪರೀಕ್ಷೆಗೆ ಹಾವೇರಿಯಿಂದ ಸಾಹೇಬರು ಬರುತ್ತಾರೆ, ತನ್ನಷ್ಟೇ ತೂಕದ ಮನುಷ್ಯನನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ನಿಮಿಷದಲ್ಲಿ ನೂರು ಮೀಟರ್ ಓಡಬೇಕು, ಆಗದಿದ್ದವರು ಗಾಡಿ ಬಿಟ್ಟು ಠಾಣೆಯ ಫೋನಿನ ಮುಂದೆ ಕೂರಬೇಕು ಎಂದು ಸುದ್ದಿ ಬಂತು. ನನಗೆ ನಲವತ್ತೆರಡು. ಹೊಟ್ಟೆಗೆ ಅದಕ್ಕಿಂತ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು.

ಅಭ್ಯಾಸಕ್ಕೆ ಮನುಷ್ಯರು ಬೇಕಲ್ಲ? ಮನೆಯಲ್ಲಿ ಇದ್ದವಳು ಹೆಂಡತಿ ಗಂಗವ್ವ. ಒಂದು ಮುಂಜಾನೆ ಹಿತ್ತಲಿನಲ್ಲಿ ಅವಳನ್ನು ನಿಯಮದ ಪ್ರಕಾರ ಬಲ ಹೆಗಲಿಗೆ ಹಾಕಿಕೊಂಡು ನಡೆದೆ. "ಇಳಸ್ರಿ ನನ್ನ! ಒಲಿ ಮ್ಯಾಲೆ ಹಾಲ ಉಕ್ಕಾಕತ್ತಾವು!" ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಬಸಪ್ಪ ಇಣುಕಿ, "ಯಾಕ್ರೀ, ಅಕ್ಕಾರಿಗೆ ಏನಾತ್ರಿ? ತಡೀರಿ, ಆಟೋ ತರ್ತೇನಿ" ಎಂದು ಓಡಿದ. ನಾನು ಕೂಗುವಷ್ಟರಲ್ಲಿ ಅವನಿಲ್ಲ. ಕೂಗುವಷ್ಟು ಉಸಿರೂ ನನ್ನಲ್ಲಿರಲಿಲ್ಲ. ಆಟೋ ಬಂತು. ಬಂದ ಆಟೋವನ್ನು ಯಾಕೆ ಕಳಿಸುವುದೆಂದು ಗಂಗವ್ವ ಅದರಲ್ಲಿ ಕೂತು ಸಂತೆಗೆ ಹೋಗಿ ಬದನೆಕಾಯಿ ತಂದಳು. ಮರುದಿನದಿಂದ ಜೋಳದ ಚೀಲ ಹೊತ್ತೆ. ಜೋಳ ಗುದ್ದುವುದಿಲ್ಲ.

ಪರೀಕ್ಷೆಗೆ ಒಂದು ವಾರವಿರುವಾಗ, ಮಧ್ಯಾಹ್ನ, ಬ್ಯಾಡಗಿಯಿಂದ ಕರೆ ಬಂತು. ಮೆಣಸಿನಕಾಯಿ ಗೋದಾಮಿನ ಒಂದು ಮೂಲೆಗೆ ಬೆಂಕಿ. ಬೇರೆ ಊರಿನ ಬೆಂಕಿ ಸುಡುತ್ತದೆ. ಬ್ಯಾಡಗಿಯ ಬೆಂಕಿ ಸುಡುವ ಮೊದಲು ಕೆಮ್ಮಿಸುತ್ತದೆ. ಊರು ಇನ್ನೂ ದೂರವಿರುವಾಗಲೇ ನಾವು ಸೀನತೊಡಗಿದ್ದೆವು. ಬಾಗಿಲಲ್ಲಿ ಹಮಾಲನೊಬ್ಬ ಮೇಲಕ್ಕೆ ಕೈ ಮಾಡಿ, "ಅಟ್ಟದ ಮ್ಯಾಲೆ ಖಾಸೀಂಬಿ ಅದಾಳ್ರಿ! ಚೀಲಾ ಹೊಲ್ಯಾಕ ಹೋಗಿದ್ಲು!" ಎಂದು ಅರಚುತ್ತಿದ್ದ. ಜೊತೆಯವರು ಪೈಪು ಬಿಚ್ಚತೊಡಗಿದರು. ನಾನು ಮೆಟ್ಟಿಲ ಕಡೆ ನಡೆದೆ. ಹೊಗೆಯೊಳಗೆ ಹೋಗುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ನಿಯಮ. ಬಾಗಿಲ ಪಕ್ಕದಲ್ಲೇ ನೀರು ತುಂಬಿದ ಬಾನಿ ಇತ್ತು. ಟವೆಲನ್ನು ಚೆನ್ನಾಗಿ ಅದ್ದಿ, ಮುಖದ ತುಂಬ ಬಿಗಿಯಾಗಿ ಕಟ್ಟಿಕೊಂಡು ಹತ್ತಿದೆ.

ಮೂರನೆಯ ಮೆಟ್ಟಿಲಲ್ಲಿ ಮೂಗು ಉರಿಯಿತು. ಐದನೆಯದರಲ್ಲಿ ಕಣ್ಣು ಮುಚ್ಚಿದವು. ತೆರೆಯಲು ನೋಡಿದರೆ ತೆರೆಯಲಿಲ್ಲ. ಆಮೇಲೆ ಎಷ್ಟು ಹತ್ತಿದೆನೋ ಲೆಕ್ಕ ಸಿಗಲಿಲ್ಲ. ಅಟ್ಟ ತಲುಪಿದಾಗ ನಾನು ಮೊಣಕಾಲ ಮೇಲಿದ್ದೆ. ಕಿಟಕಿಯ ಕಡೆಯಿಂದ ಒಂದು ಮುದಿ ದನಿ, "ಯಾರಪ್ಪಾ ಅಂವಾ?" ಎಂದಿತು.

"ಫೈರ್... ನಿಮ್ಮನ್ನ... ಉಳಸಾಕ..." ಎಂದು ಕೆಮ್ಮಿದೆ.

"ಮೊದಲ ನೀ ಉಳಕೋ. ನೆಲಾ ಹಿಡದು ಬಾ, ಹೊಗಿ ಮ್ಯಾಲ ಐತಿ."

ಕಷ್ಟಪಟ್ಟು ಒಂದು ಕಣ್ಣು ತುಸು ಬಿಡಿಸಿದೆ. ಖಾಸೀಂಬಿ ಕಿಟಕಿಯ ಕೆಳಗೆ, ಸೆರಗು ಮೂಗಿಗೊತ್ತಿ, ನೆಲಕ್ಕೆ ಅಂಟಿಕೊಂಡು ಕೂತಿದ್ದಳು. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟದ್ದೂ ಅದನ್ನೇ. ತೆವಳಿ ಹತ್ತಿರ ಹೋದೆ. ಅವಳು ನನ್ನ ಟವೆಲು ಕಿತ್ತು, ಮೂಸಿ, "ಯಾ ಅಲ್ಲಾ! ಇದನ್ನ ಬಾಗಲದಾಗಿನ ಬಾನ್ಯಾಗ ಅದ್ದಿದೇನು? ಅದು ನಾವು ದಿನಾ ಸಂಜಿಗೆ ಮೆಣಸಿನಕಾಯಿ ಕೈ ತೊಳ್ಯೂ ಬಾನಿ ತಮ್ಮಾ! ವಾರದ ಖಾರ ಎಲ್ಲಾ ಮಾರಿಗೆ ಕಟಗೊಂಡು ಬಂದೀಯಲ್ಲೋ!" ಎಂದಳು. ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತನ್ನ ಕುಡಿಯುವ ತಂಬಿಗೆಯ ನೀರನ್ನು ನನ್ನ ಕಣ್ಣಿಗೆ ಹನಿಸಿದಳು, ಉಳಿದದ್ದರಲ್ಲಿ ಒಂದು ಖಾಲಿ ಚೀಲ ತೋಯಿಸಿ ನಮ್ಮಿಬ್ಬರ ಮುಖಕ್ಕೂ ಹಿಡಿದಳು. "ನನ್ನ ಹೆಗಲ ಮ್ಯಾಲೆ ಕೈ ಇಡು. ಹದಿನಾಕ ಮೆಟ್ಟಲಾ. ಮೂವತ್ತ ವರ್ಸ ಹತ್ತಿ ಇಳದೇನಿ, ನಾ ಎಣಸ್ತೇನಿ."

ಇಳಿಯುವಾಗ ನಾನು ಹೆದರಿದ್ದೆ. ಏಳನೆಯ ಮೆಟ್ಟಿಲಲ್ಲಿ ಬಲಗಡೆಯ ಗೋಡೆ ರೊಟ್ಟಿ ಹಂಚಿನಂತೆ ಕಾದಿತ್ತು. ಕೆಳಗೆ ಪೈಪಿನ ನೀರು ಬೆಂಕಿಗೆ ಬೀಳುವ ಸದ್ದು, ಅದರ ಮೇಲೆ, ಮಗ್ಗಿ ಒಪ್ಪಿಸುವಂತೆ, ಅವಳ "ಎಂಟು... ಒಂಬತ್ತು..." ನನ್ನ ಕೈಯ ಕೆಳಗಿನ ಆ ಹೆಗಲು ಹಕ್ಕಿಯದಷ್ಟೇ ಇತ್ತು. ಅದರ ಮೇಲೆ ನನ್ನ ಪೂರ್ತಿ ಭಾರವಿತ್ತು.

ಕೊನೆಯ ಮೆಟ್ಟಿಲಲ್ಲಿ ಅವಳು ನಿಂತಳು. "ಬೇಟಾ, ಈಗ ಎತ್ತು ನನ್ನ."

"ಯಾಕ ಯವ್ವಾ?"

"ಹೊರಗ ಮಂದಿ ನಿಂತಾರ. ಸರಕಾರಿ ಡ್ರೆಸ್ಸಿನಾಂವ ಮುದುಕಿ ಹೆಗಲ ಹಿಡಕೊಂಡು ಬಂದ್ರ ನೌಕರಿ ಉಳೀತೈತೇನು? ಲಗೂ ಎತ್ತು."

ಎತ್ತಿದೆ. ಜೋಳದ ಚೀಲದ ಅರ್ಧವೂ ಇರಲಿಲ್ಲ. ಬಾಗಿಲಿನಿಂದ ಬೀದಿಗೆ ಐದು ಹೆಜ್ಜೆ. ಮಂದಿ ಚಪ್ಪಾಳೆ ತಟ್ಟಿದರು. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿದ್ದ ನನ್ನನ್ನು ನೋಡಿ, "ಎಂಥಾ ಕರಳು ನೋಡ್ರಿ" ಎಂದು ಹಮಾಲನೂ ಅತ್ತ.

ಪರೀಕ್ಷೆಯ ದಿನ ಸಾಹೇಬರು ನನ್ನ ಬೆನ್ನು ತಟ್ಟಿದರು. "ಬ್ಯಾಡಗಿ ಸುದ್ದಿ ಕೇಳೇನಿ. ನಿಮಗ ಪರೀಕ್ಷೆ ಯಾಕ್ರಿ? ಅಟ್ಟದಿಂದ ಹೊತ್ತು ತಂದ್ರು ಅಂತ ಬರದು ಪಾಸ್ ಮಾಡ್ತೇನಿ" ಎಂದು ಪೆನ್ನು ತೆಗೆದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ ಎಂದು ಅಷ್ಟರಲ್ಲಿ ಮೂರು ಸಲ ಮನಸ್ಸಿಗೆ ಹೇಳಿಕೊಂಡಿದ್ದೆ. "ಎಷ್ಟ ಮೆಟ್ಟಲ ಇದ್ದೂವು?" ಎಂದರು.

"ಹದಿನಾಕ್ರಿ ಸಾಹೇಬ್ರ."

"ಭಲೇ! ಅಂಥಾ ಹೊಗ್ಯಾಗೂ ಎಣಿಸೀರಿ?"

"ನಾನಲ್ರಿ, ಖಾಸೀಂಬಿ ಎಣಿಸಿದ್ಲು" ಎಂದುಬಿಟ್ಟೆ. ಲೆಕ್ಕ ತಪ್ಪಾಗಿ ಹೇಳುವುದು ನನ್ನ ಕೈಲಾಗದು. ಒಂದು ಎಳೆ ಬಿಚ್ಚಿದ ಮೇಲೆ ಟವೆಲು, ಬಾನಿ, ಐದು ಹೆಜ್ಜೆ ಎಲ್ಲವೂ ಹೊರಬಂದವು. ಸಾಹೇಬರು ಪೆನ್ನು ಮುಚ್ಚಿದರು. ನಮ್ಮ ಡ್ರೈವರನನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಎಪ್ಪತ್ತು ಮೀಟರಿಗೆ ನಿಂತೆ. ಹೆಗಲ ಮೇಲಿನಿಂದಲೇ ಅವನು, "ಇನ್ನ ಉಳದದ್ದು ನಾ ನಿಮ್ಮನ್ನ ಹೊರ್ಲೇನ್ರಿ?" ಎಂದು ಮರ್ಯಾದೆಯಿಂದ ಕೇಳಿದ.

ಹೀಗೆ ಫೋನಿನ ಮುಂದೆ ಬಂದೆ. ಮೊದಲ ವಾರ ಗಂಟೆ ಬಾರಿಸುತ್ತ ಗಾಡಿ ಹೊರಟಾಗಲೆಲ್ಲ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಆಮೇಲೆ ಕೂತೇ ಕೇಳುವುದು ಅಭ್ಯಾಸವಾಯಿತು. ಬ್ಯಾಡಗಿಯ ಕರೆ ಬಂದರೆ ಮಾತ್ರ ಹೊರಡುವವರನ್ನು ನಿಲ್ಲಿಸಿ, ಅಲ್ಲಿನ ಯಾವ ಬಾನಿಗೂ ಕೈ ಹಾಕಬೇಡಿ, ಮೊದಲು ಕಾಯಿ ಆರಿಸುವ ಹೆಂಗಸರನ್ನು ಕೇಳಿ ಎನ್ನುತ್ತೇನೆ. ಅವರು ನಗುತ್ತಾರೆ, ಆದರೆ ಕೇಳುತ್ತಾರೆ.

ಒಂದು ದಿನ ಖಾಸೀಂಬಿ ಠಾಣೆಗೇ ಬಂದಳು. ಮೊಮ್ಮಗಳ ಲಗ್ನದ ಬಟ್ಟೆಗೆಂದು ರಾಣೆಬೆನ್ನೂರಿಗೆ ಬಂದವಳು ನನ್ನ ಸುದ್ದಿ ಕೇಳಿ ಸಿಟ್ಟಾಗಿದ್ದಳು. "ಐದು ಹೆಜ್ಜಿ ಪುಕ್ಕಟ ಕೊಟ್ಟಿದ್ನೆಲ್ಲೋ! ಬಾಯಿ ಮುಚಗೊಂಡು ಇಟಗೊಳ್ಳಾಕ ಆಗಲಿಲ್ಲೇನು?"

"ಆಗಲಿಲ್ಲ ಯವ್ವಾ."

"ಈಗ ಏನ ಮಾಡ್ತೀ ಮತ್ತ?"

"ಫೋನ್ ಎತ್ತತೇನಿ."

ಅವಳು ಮೇಜಿನ ಮೇಲಿನ ರಿಸೀವರನ್ನು ಎತ್ತಿ, ಅಂಗೈಯಲ್ಲಿ ಎರಡು ಸಲ ತೂಗಿ ನೋಡಿ, ನನ್ನನ್ನು ತಲೆಯಿಂದ ಕಾಲಿನ ತನಕ ಅಳೆದು, "ಇರಲಿ, ಇದು ನಿನಗ ನೀಗತೈತಿ" ಎಂದು ಜೋಪಾನವಾಗಿ ನನ್ನ ಎರಡೂ ಕೈಯಲ್ಲಿಟ್ಟಳು.