ಗುಡ್ಡದ ವಯಸ್ಸು

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಕಲ್ಲು ಮೇಷ್ಟ್ರು ಮಾಡಿದ ತಪ್ಪು ಒಂದೇ. ಊಟ ಮುಗಿಸಿ ಒಂದು ಗಳಿಗೆ ಕಣ್ಣು ಮುಚ್ಚಿದ್ದು.

ಬಡಾವಣೆಯ ಹಿಂದೆ ರಸ್ತೆಗೆಂದು ಕಡಿದ ಗುಡ್ಡ ಒಂದು ಕಾಲಕ್ಕೆ ಸಮುದ್ರದ ತಳ. ಅದರ ಪದರಗಳಲ್ಲಿ ಅಮೊನಾಯ್ಡ್ ಎಂಬ ಜೀವಿಗಳ ಚಿಪ್ಪುಗಳು ಟಗರಿನ ಕೊಂಬಿನಂತೆ ಸುರುಳಿ ಸುತ್ತಿ ಕಲ್ಲಾಗಿ ಕೂತಿದ್ದವು. ಮೈಮೇಲಿನ ಗೆರೆ ಬರಿ ಅಂಕುಡೊಂಕಾಗಿದ್ದರೆ ಚಿಪ್ಪು ತೀರಾ ಹಳೆಯದು, ಜರಿಯಂಚಿನಷ್ಟು ನಾಜೂಕಾಗಿದ್ದರೆ ಈಚಿನದು. ಈಚಿನದೆಂದರೂ ಕೋಟ್ಯಂತರ ವರ್ಷ. ಕಲ್ಲಿನವರ ಲೆಕ್ಕವೇ ಹಾಗೆ. ಗುಡ್ಡವೆಲ್ಲ ಈಚಿನದೇ ಎಂದು ಕಾಲೇಜಿನ ವಿಭಾಗದ ಮುಖ್ಯಸ್ಥರು ಪುಸ್ತಕ ಬರೆದು ಹಾರ ಹಾಕಿಸಿಕೊಂಡಿದ್ದರು. ಮೇಷ್ಟ್ರಿಗೋ ತಳದ ಪದರದಲ್ಲಿ ಹಳೆಯ ಗೆರೆಯ ಚಿಪ್ಪು ಕಂಡಿತ್ತು. "ಇದ್ದಲ್ಲೇ ತೋರಿಸಿ. ನಿಜ ಆದ್ರೆ ನಿಮ್ಮ ಕೆಲಸ ಖಾಯಂ" ಎಂದಿದ್ದ ಮುಖ್ಯಸ್ಥರು ಆ ಮಧ್ಯಾಹ್ನವೇ ಬರುವವರಿದ್ದರು.

ಮೇಷ್ಟ್ರು ಎದ್ದು ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಗುಡ್ಡದ ಚಿಪ್ಪುಗಳೆಲ್ಲ ತೊಳೆದಿಟ್ಟ ತಟ್ಟೆಗಳಂತೆ ಒಣಗುತ್ತಿದ್ದವು. ಪಕ್ಕದಲ್ಲಿ ಬ್ರಷ್ ಹಿಡಿದು ನಿಂತಿದ್ದವರು ಎದುರುಮನೆಯ ನಿವೃತ್ತ ನರ್ಸಮ್ಮ.

"ದಿನಾ ಬಿಸಿಲಲ್ಲಿ ಒದ್ದಾಡ್ತೀರಲ್ಲಪ್ಪಾ, ನೋಡಕ್ಕಾಗ್ಲಿಲ್ಲ. ಬೀದಿಯವರೆಲ್ಲ ಸೇರಿ ಕಿತ್ತು ತಂದ್ವಿ. ಸೈಜ್ ಪ್ರಕಾರ ಜೋಡ್ಸಿದೀನಿ."

"ಅಯ್ಯೋ ನರ್ಸಮ್ಮ! ಯಾವ ಪದರದಲ್ಲಿತ್ತು ಅನ್ನೋದೇ ಮುಖ್ಯ ಕಣ್ರೀ! ಕಿತ್ತ ಮೇಲೆ ಇವು ಬರೀ ಕಲ್ಲು!"

"ಅದಕ್ಯಾಕೆ ಅಳ್ತೀರಿ? ಕಿತ್ತಿದ್ದನ್ನ ವಾಪಸ್ ಕೂರಿಸಿದ್ರಾಯ್ತು. ಮೂಳೆ ವಾರ್ಡಲ್ಲಿ ನಾನು ಮಾಡಿದ್ದೇನು ಮತ್ತೆ?"

ಇದು ಶುದ್ಧ ಮೋಸ ಎಂದಿತು ಮೇಷ್ಟ್ರ ಮನಸ್ಸು. ಅಷ್ಟರಲ್ಲಿ ಫೋನ್ ಬಂತು. ಮುಖ್ಯಸ್ಥರ ಕಾರು ಬಡಾವಣೆ ತಲುಪಿತ್ತು. ಮನಸ್ಸು ತೆಪ್ಪಗಾಯಿತು. ಮೇಷ್ಟ್ರು ಹಳೆಯ ಚಿಪ್ಪನ್ನು ಹುಡುಕಿ, ಅಂಟಿಗೆ ಕಲ್ಲಿನ ಪುಡಿ ಕಲಸಿ, ಗುಡ್ಡದ ತಳದ ಪದರದಲ್ಲಿ ಅದಿದ್ದ ಗುಳಿಯಲ್ಲೇ ಕೂರಿಸಿದರು. ಅಂಟಿಸುತ್ತಿರುವುದು ಸತ್ಯವನ್ನೇ ತಾನೆ ಎಂದು ಸಮಾಧಾನ ಮಾಡಿಕೊಂಡು, ನರ್ಸಮ್ಮನನ್ನು ಕಾವಲಿಗೆ ನಿಲ್ಲಿಸಿ, ಮುಖ್ಯಸ್ಥರನ್ನು ಕರೆತರಲು ಓಡಿದರು.

ಮುಖ್ಯಸ್ಥರು ಭೂತಗನ್ನಡಿ ಹಿಡಿದು ಬಗ್ಗಿದರು.

"ನಿಜ ಕಣ್ರೀ, ಹಳೇದೇ!"

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಇದರ ಸುತ್ತ ಇರೋವು?"

ಮೇಷ್ಟ್ರು ಇಣುಕಿ ನೋಡಿದರು. ಹಳೆಯ ಚಿಪ್ಪಿನ ಸುತ್ತ, ಅದೇ ಪದರದಲ್ಲಿ, ಜರಿಗೆರೆಯ ಚಿಪ್ಪುಗಳು ಸಾಲಾಗಿ ಹೊಳೆಯುತ್ತಿದ್ದವು. ಬೆಸುಗೆಯ ಗುರುತು ಎಲ್ಲೂ ಇಲ್ಲ.

"ಹೊಸ ಚಿಪ್ಪಿರೋ ಪದರ ಹೊಸದೇ ತಾನೆ? ಹಳೇದು ಬೇರೆ ಬಂಡೆಯಿಂದ ಕೊಚ್ಕೊಂಡು ಬಂದು ಸೇರಿದೆ ಅಷ್ಟೆ. ಮೊದಲ ವರ್ಷದವರಿಗೆ ನೀವೇ ಹೇಳೋ ಪಾಠ ಅಲ್ವೇನ್ರೀ?"

ಮೇಷ್ಟ್ರು ಬಾಯಿ ತೆರೆದರು. ಅವನ್ನು ಅಂಟಿಸಿದ್ದು ಎಂದರೆ, ಇದನ್ನು ಅಂಟಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ತೆರೆದ ಬಾಯಿ ಹಾಗೇ ಮುಚ್ಚಿತು.

"ನನ್ನ ಪುಸ್ತಕಕ್ಕೆ ಒಳ್ಳೇ ಸಾಕ್ಷಿ ಸಿಕ್ತು, ಥ್ಯಾಂಕ್ಸ್. ಖಾಯಂ ವಿಷಯ ಮುಂದೆ ನೋಡೋಣ" ಎಂದು ಮುಖ್ಯಸ್ಥರು ನಗುನಗುತ್ತಾ ಕಾರು ಹತ್ತಿದರು.

ನರ್ಸಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ಒಂದೇ ಇದ್ರೆ ಬೋಳುಬೋಳಾಗಿ ಕಾಣ್ತಿತ್ತಪ್ಪ, ಅದಕ್ಕೆ ಚಂದ ಇರೋದನ್ನೆಲ್ಲ ಸುತ್ತ ಕೂರಿಸ್ಬಿಟ್ಟೆ. ಸಾಹೇಬ್ರು ಎಷ್ಟು ಖುಷಿಯಾಗಿ ಹೋದ್ರು ನೋಡಿ! ಇನ್ನೇನು, ಕೆಲಸ ಖಾಯಂ ಆಯ್ತು ಅಂದ್ಕೊಳ್ಳಿ!"